ಸಿದ್ದಿ, ಹಾಲಕ್ಕಿ ರೋಗಿಗೆ ಆಸ್ಪತ್ರೆಯಲ್ಲಿ ತಮ್ಮವರೇ ಬೇಕೇ?

ಪರ

ಕಳೆದ ಮಳೆಗಾಲದಲ್ಲಿ ಉತ್ತರ ಕನ್ನಡದ ಅಂಕೋಲಾ ಕಡೆಯ, ಹಾಲಕ್ಕಿ ಒಕ್ಕಲಿಗ ಸಮುದಾಯದ ಅಜ್ಜಿಯೊಬ್ಬರ ಜೊತೆ ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. "ಸರ ಎಲ್ಲ ತೆಗೆಯಿರಿ" ಎಂದು ಒಳಗಿನಿಂದ ಕೂಗು ಬಂತು. ಕುತ್ತಿಗೆ ತುಂಬಿದ ಆ ಮಣಿಸರಗಳು ಅವರಿಗೆ ಬರೀ ಒಡವೆಯಲ್ಲ. ರವಿಕೆ ತೊಡದವರಿಗೆ ಅದೇ ಮೈಮುಚ್ಚುವ ಬಟ್ಟೆ. "ಇದನ್ನು ತೆಗೆದರೆ ನನ್ನ ಮೈಮೇಲೆ ಏನುಂಟು ತಂಗಿ?" ಎಂದರು. ಮಣಿಯ ನೆರಳು ಚಿತ್ರದಲ್ಲಿ ಬೀಳುತ್ತದೆ ಎಂದು ತಿಳಿಸಿ, ಹೊದೆಯಲು ಒಂದು ಬಟ್ಟೆ ಕೊಡುವವರು ಅಲ್ಲಿರಲಿಲ್ಲ. ನನಗೂ ಹೊಳೆಯಲಿಲ್ಲ. ಅಜ್ಜಿ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಸ್ ಹತ್ತಿದರು. ಇಂಥವರನ್ನೇ ನಾವು 'ಆಸ್ಪತ್ರೆಗೆ ಬರಲು ಒಪ್ಪದ ಜನ' ಎನ್ನುತ್ತೇವೆ.

ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಪಾಡು ಬೇರೆ. ಆಫ್ರಿಕಾ ಮೂಲದ ಇವರು ತಲೆಮಾರುಗಳಿಂದ ಇಲ್ಲೇ ಇದ್ದರೂ ಮುಖ ನೋಡಿದೊಡನೆ "ಯಾವ ದೇಶ?" ಎಂಬ ಪ್ರಶ್ನೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಮೇಲೂ ಆ ಪ್ರಶ್ನೆ ನಿಂತಿಲ್ಲ. ಈ ಎರಡೂ ಸಮುದಾಯಗಳಿಗೆ ತಾಲ್ಲೂಕು ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಯ ಪಕ್ಕ ಅವರವರದೇ ಪೈಕಿಯ, ಅವರದೇ ಮಾತಾಡುವ, ಸಂಬಳದ ಒಬ್ಬ ಜೊತೆಗಾತಿ ಕೂತಿರಲಿ.

ವಿರೋಧ

ಅಜ್ಜಿಗೆ ಆದದ್ದು ಅವಮಾನವೇ. ಆದರೆ ಹೊದಿಕೆ ಕೊಡುವುದು, ಎರಡು ಮಾತು ತಿಳಿಸಿ ಹೇಳುವುದು ಎಕ್ಸ್‌ರೇ ತೆಗೆಯುವವರ ಕೆಲಸ. ಅದನ್ನು ಇನ್ನೊಬ್ಬರಿಗೆ ವಹಿಸಿದರೆ ಅವರು ಕಲಿಯುವುದು ಯಾವಾಗ? ಸಿದ್ದಿಗೊಬ್ಬರು, ಹಾಲಕ್ಕಿಗೊಬ್ಬರು ಎಂದಾದರೆ ಗೌಳಿ, ಕುಣಬಿ, ಮುಕ್ರಿ ಸಮುದಾಯದವರು ಎಲ್ಲಿ ನಿಲ್ಲಬೇಕು? ಊರಿನವರನ್ನೇ ಆರಿಸಿದ ಆಶಾ ಕಾರ್ಯಕರ್ತೆಯರು 2005ರ ಗ್ರಾಮೀಣ ಆರೋಗ್ಯ ಯೋಜನೆಯಿಂದಲೂ ಇದ್ದಾರೆ. ಅವರ ಗೌರವಧನವನ್ನೇ ನೆಟ್ಟಗೆ ಕೊಡಲಾಗದೆ ಬೀದಿಗಿಳಿಸಿದ್ದೇವೆ.

ಎಲ್ಲವನ್ನೂ ಸಂಸ್ಕೃತಿಯ ತಲೆಗೆ ಕಟ್ಟುವುದು ಸರ್ಕಾರಕ್ಕೆ ಸುಲಭ. ಅಂಕೋಲಾ ಬಳಿಯ ಬೆಳಂಬರದ ಹಾಲಕ್ಕಿ ನಾಟಿ ವೈದ್ಯರ ಲಕ್ವದ ಔಷಧಿಗೆ ಬರುವವರು ಹಾಲಕ್ಕಿಗಳಷ್ಟೇ ಅಲ್ಲ. ಎಲ್ಲ ಜಾತಿಯವರೂ, ಹೊರಜಿಲ್ಲೆಯವರೂ ಬರುತ್ತಾರೆ. ಆಸ್ಪತ್ರೆಗೆ ಅಡ್ಡಿ ಸಂಸ್ಕೃತಿಗಿಂತ ಹೆಚ್ಚಾಗಿ ದೂರ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆದರೆ ಆ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವುದು ಸುಮಾರು ನಾಲ್ಕೂವರೆ ಗಂಟೆ. ಕಾರವಾರದಲ್ಲಿ 2016ರಿಂದ ವೈದ್ಯಕೀಯ ಕಾಲೇಜು ಇದ್ದರೂ ಕರಾವಳಿಯ ಕೈಮೀರಿದ ರೋಗಿಗೆ ಮಣಿಪಾಲ, ಮಂಗಳೂರು ಇಲ್ಲವೇ ಗೋವಾ. ಘಟ್ಟದ ಮೇಲಿನ ಶಿರಸಿಯವರಿಗೆ ಹುಬ್ಬಳ್ಳಿ, ಸುಮಾರು ನೂರು ಕಿಲೋಮೀಟರ್. 2022ರ ಜುಲೈನಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು.

ಸಿದ್ದಿಯವರ ಎಷ್ಟೋ ಕಾಡೊಳಗಿನ ಮನೆಗಳಿಗೆ ಮಳೆಗಾಲದಲ್ಲಿ ಆಂಬುಲೆನ್ಸ್ ತಲುಪುವುದೇ ಇಲ್ಲ, ರೋಗಿಯನ್ನು ಕಂಬಳಿಯಲ್ಲಿ ಹೊತ್ತು ಡಾಂಬರು ರಸ್ತೆಗೆ ತರಬೇಕು. ಇರುವ ಹಣವನ್ನು ಮೊದಲು ಆ ದಾರಿಗೆ ಹಾಕಿ.