ಅಳಲೂ ಬಿಡದ ಪಿಟೀಲುಗಳು

ಮೊನ್ನೆ ರವಿವಾರ ವಿಜಯಪುರದ ಚಿತ್ರಮಂದಿರವೊಂದರಲ್ಲಿ ನನ್ನ ತಾಳ್ಮೆ ಮುಗಿಯಿತು. ತೆರೆಯ ಮೇಲೆ ಮುದುಕಿಯೊಬ್ಬಳು ಸತ್ತ ಮಗನ ಅಂಗಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಿದ್ದಳು. ಮಾತಿಲ್ಲ. ಇನ್ನೇನು ನನ್ನ ಗಂಟಲು ಕಟ್ಟಬೇಕು, ಅಷ್ಟರಲ್ಲಿ ನಲವತ್ತು ಪಿಟೀಲು, ಎರಡು ಕೊಳಲು, ಜೊತೆಗೆ ಆಲಾಪಿಸುವ ಗಾಯಕಿಯೊಬ್ಬಳು ಒಟ್ಟಿಗೆ ಮೈಮೇಲೆ ಬಿದ್ದರು. ಬಂದ ಕಣ್ಣೀರು ಹೆದರಿ ಹಿಂದಕ್ಕೆ ಹೋಯಿತು!

ನಾವೇನು ಅಷ್ಟು ದಡ್ಡರೇ? ನಾಯಕ ಕಾರಿನ ಬಾಗಿಲು ತೆರೆದರೆ ಸಿಡಿಲು, ಚಪ್ಪಲಿ ಮೆಟ್ಟಿದರೆ ನಗಾರಿ, ಹಾಸ್ಯನಟ ಜಾರಿದರೆ ‘ಟೊಂಯ್’. ನಾಯಕಿ ಚಹಾ ಸೋಸುವುದಕ್ಕೂ ವೀಣೆ ಬೇಕೇ? ಪಕ್ಕದವರು ಚುರುಮುರಿ ಅಗಿಯುವ ಸದ್ದಾದರೂ ಕೇಳಿಸಬಾರದೇ ಎಂದು ಹಂಬಲಿಸಿದೆ.

‘ಘಟಶ್ರಾದ್ಧ’ದ (1977) ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಬಿ.ವಿ. ಕಾರಂತರಿಗೆ ಎಲ್ಲಿ ಸುಮ್ಮನಿರಬೇಕೆಂದು ಗೊತ್ತಿತ್ತು. ಈಗಿನವರಿಗೆ ಮೌನಕ್ಕೆ ಸಂಭಾವನೆ ಸಿಗುವುದಿಲ್ಲವೇನೋ!

ಅದೂ ಯಾವ ಊರಿನಲ್ಲಿ? ಗೋಳಗುಮ್ಮಟದ ಈ ಬದಿಯ ಪಿಸುಮಾತು ಆ ಬದಿಗೆ ಸ್ಪಷ್ಟವಾಗಿ ಕೇಳುವ ಊರಿನಲ್ಲಿ! ಮನೆಗೆ ಬಂದ ಮೇಲೂ ಕಿವಿ ಗುಂಯ್ ಎನ್ನುತ್ತಿತ್ತು. ಹೆಂಡತಿ ಊಟಕ್ಕೆ ಕರೆದದ್ದು ಮೂರನೆಯ ಸಲ ಕೇಳಿಸಿತು. ರೊಟ್ಟಿ ಆರಿ ಹೋಗಿತ್ತು.