"ಗಿಡದ್ದು ತಾನೆ, ಏನೂ ಆಗಲ್ಲ"

ಈ ಮಾತು ಕೇಳಿದರೆ ಈಗ ನನಗೆ ಮೈಯೆಲ್ಲ ಉರಿಯುತ್ತದೆ. ಇದೇ ಮಾತನ್ನು ನಂಬಿ ನಮ್ಮಮ್ಮ ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಿದ್ದರು.

ಅಮ್ಮನಿಗೆ 62 ವರ್ಷ. ಎಂಟು ವರ್ಷದಿಂದ ಬಿಪಿ ಮಾತ್ರೆ ತಪ್ಪಿಸಿದವರಲ್ಲ. ಚಳಿಗಾಲದಲ್ಲಿ ಕೆಮ್ಮು ಹಿಡಿಯಿತು. ಚಿಕ್ಕಮ್ಮ ಗ್ರಂಧಿಗೆ ಅಂಗಡಿಯಿಂದ ಕಾಲು ಕೆಜಿ ಜ್ಯೇಷ್ಠಮಧು ತಂದುಕೊಟ್ಟರು. "ದಿನಾ ಎರಡು ಹೊತ್ತು ಕುದಿಸಿ ಕುಡಿ ಅಕ್ಕಾ, ಗಂಟಲಿಗೂ ಒಳ್ಳೇದು, ಬಿಪಿಗೂ ಒಳ್ಳೇದು" ಅಂದರು. ಹತ್ತು ದಿನಕ್ಕೆ ಕೆಮ್ಮು ಹೋಯಿತು, ಕಷಾಯ ನಿಲ್ಲಲಿಲ್ಲ. ಸಿಹಿ ಅಲ್ವಾ, ಅಮ್ಮನಿಗೆ ರುಚಿ ಹತ್ತಿತು. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ, ಎರಡು ತಿಂಗಳು.

ಆಮೇಲೆ ಕಾಲು ಊದಿತು. ಬೆರಳಲ್ಲಿ ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು. ಬಿಪಿ 180/100. "ಬೇರೆ ಏನಾದರೂ ಔಷಧಿ ತಗೊಳ್ತೀರಾ" ಅಂತ ಡಾಕ್ಟರ್ ಕೇಳಿದರು. ಅಮ್ಮ ಇಲ್ಲ ಅಂದರು. ಅವರು ಸುಳ್ಳು ಹೇಳಲಿಲ್ಲ. ಅವರ ಲೆಕ್ಕದಲ್ಲಿ ಕಷಾಯ ಔಷಧಿಯೇ ಅಲ್ಲ. ಡಾಕ್ಟರ್ ಮೂತ್ರ ಜಾಸ್ತಿ ಹೋಗುವ ಇನ್ನೊಂದು ಮಾತ್ರೆ ಸೇರಿಸಿದರು. ಆ ಮಾತ್ರೆಯೂ ಪೊಟ್ಯಾಸಿಯಂ ಅನ್ನು ಮೂತ್ರದಲ್ಲಿ ಕಳೆಯುತ್ತದೆ, ಜ್ಯೇಷ್ಠಮಧುವೂ ಕಳೆಯುತ್ತದೆ. ವಾರದೊಳಗೆ ಅಮ್ಮನಿಗೆ ನೆಲದಿಂದ ಏಳಲು ಆಗಲಿಲ್ಲ. ಕುಕ್ಕರ್ ಎತ್ತಲು ಕೈಯಲ್ಲಿ ಶಕ್ತಿ ಇಲ್ಲ. ಪೊಟ್ಯಾಸಿಯಂ ಕಡಿಮೆ ಅಂದರೂ 3.5 ಇರಬೇಕು, ಅಮ್ಮನದು 2.6ಕ್ಕೆ ಇಳಿದಿತ್ತು. ಇಷ್ಟು ಇಳಿದರೆ ಎದೆಬಡಿತವೇ ಏರುಪೇರಾಗಬಹುದು.

ವಾರ್ಡಿನಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಪಕ್ಕದಲ್ಲಿ ಕೂತು, "ಮನೇಲಿ ಕಷಾಯ, ಬೇರು, ಪುಡಿ ಏನಾದ್ರೂ ಕುಡೀತೀರಾ ಅಮ್ಮಾ" ಅಂತ ಕೇಳಿದಾಗಲೇ ವಿಷಯ ಹೊರಗೆ ಬಂದದ್ದು. ಅವರೇ ನನಗೆ ಬಿಡಿಸಿ ಹೇಳಿದರು. ನಮ್ಮ ಮೈಯಲ್ಲಿ ಕಾರ್ಟಿಸಾಲ್ ಅನ್ನುವ ಹಾರ್ಮೋನು ಇದೆ. ಅದು ಕಿಡ್ನಿಯಲ್ಲಿ ಉಪ್ಪು, ನೀರು ಹಿಡಿದಿಡದಂತೆ ಅಲ್ಲಿನ ಒಂದು ಕಿಣ್ವ ನೋಡಿಕೊಳ್ಳುತ್ತದೆ. ಜ್ಯೇಷ್ಠಮಧುವಿಗೆ ಸಿಹಿ ಕೊಡುವ ಗ್ಲಿಸಿರೈಜಿನ್ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಉಪ್ಪು ಒಳಗೇ ನಿಲ್ಲುತ್ತದೆ, ಬಿಪಿ ಏರುತ್ತದೆ. ಬಿಪಿ ಇರುವವರಿಗೆ ದಿನಾ ಕುಡಿಸಬಾರದ ಬೇರನ್ನೇ ಬಿಪಿಗೆ ಒಳ್ಳೇದು ಅಂತ ಕುಡಿಸಿದ್ದಾರೆ!

ನನ್ನ ಸಿಟ್ಟು ಆಯುರ್ವೇದದ ಮೇಲಲ್ಲ. ಓದಿದ ಪಂಡಿತರಾಗಿದ್ದರೆ ನಾಡಿ ಹಿಡಿದು, ಬಿಪಿ ಇದೆಯಾ ಅಂತ ಕೇಳಿ, ಎಷ್ಟು ದಿನ ಅಂತ ಹೇಳಿ ಕೊಡುತ್ತಿದ್ದರು. ಇಲ್ಲಿ ಕೇಳಿದವರು ಯಾರು? ಅಂಗಡಿಯವನು ಪೇಪರಿನಲ್ಲಿ ಕಟ್ಟಿ ಕೊಟ್ಟ. ಚಿಕ್ಕಮ್ಮ ವಾಟ್ಸಾಪ್‌ನಲ್ಲಿ ಬಂದದ್ದನ್ನು ಓದಿ ಹೇಳಿದರು. ಅಷ್ಟೇ.

ಇಷ್ಟಾದ ಮೇಲೂ ನೋಡಲು ಬಂದ ನೆಂಟರು ಬಾಯಿ ಮುಚ್ಚಲಿಲ್ಲ. "ಇಂಗ್ಲಿಷ್ ಮಾತ್ರೆ ಬಿಟ್ಟು ಸರ್ಪಗಂಧ ಕೊಡಿ, ಸೈಡ್ ಎಫೆಕ್ಟ್ ಇಲ್ಲ" ಅಂತ ಮಂಚದ ಪಕ್ಕದಲ್ಲೇ ನಿಂತು ಹೇಳಿದರು. ಸರ್ಪಗಂಧ ಬಿಪಿ ಇಳಿಸುವುದು ನಿಜ. ಬಾಂಬೆಯ ಡಾಕ್ಟರ್ ರುಸ್ತುಂ ಜಾಲ್ ವಕೀಲ್ 1949ರಲ್ಲೇ ಅದನ್ನು ರೋಗಿಗಳ ಮೇಲೆ ನೋಡಿ ಬರೆದರು. 1952ರಲ್ಲಿ ಬೇರೆ ವಿಜ್ಞಾನಿಗಳು ಅದರ ಬೇರಿನಿಂದ ರೆಸರ್ಪಿನ್ ಅನ್ನುವ ಸತ್ವವನ್ನು ಬೇರ್ಪಡಿಸಿದರು, ಆಮೇಲೆ ಅದರ ಮಾತ್ರೆಯೂ ಬಂತು. ಅದೇ ರೆಸರ್ಪಿನ್‌ನಿಂದ ಮೂಗು ಕಟ್ಟುತ್ತದೆ, ನಾಡಿ ನಿಧಾನವಾಗುತ್ತದೆ, ಪ್ರಮಾಣ ಜಾಸ್ತಿಯಾದರೆ ಮನಸ್ಸು ಕುಗ್ಗುತ್ತದೆ. ಅದಕ್ಕೇ ಡಾಕ್ಟರುಗಳು ಅದನ್ನು ಮಿಲಿಗ್ರಾಂನ ಕಾಲು ಭಾಗ, ಅದಕ್ಕೂ ಕಡಿಮೆ ಅಂತ ಅಳೆದು ಕೊಟ್ಟರು. ನೀವು ಚಮಚದಲ್ಲಿ ಕೊಡಿ ಅಂತೀರಲ್ಲ, ಯಾವ ಧೈರ್ಯದ ಮೇಲೆ? ಬಿಪಿ ಇಳಿಸುವಷ್ಟು ಶಕ್ತಿ ಇರುವ ಬೇರಿಗೆ ಬೇರೇನೂ ಮಾಡುವ ಶಕ್ತಿ ಇರುವುದಿಲ್ಲವಾ?

ಕಷಾಯ ನಿಲ್ಲಿಸಿ ಮೂರು ವಾರವಾಯಿತು. ಬಿಪಿ ಇಳಿಯಲು ಇಷ್ಟು ದಿನ ಬೇಕಾಯಿತು. ಇವತ್ತು ಬೆಳಿಗ್ಗೆ 138/86. ಅಮ್ಮ ಇನ್ನೂ ಗೋಡೆ ಹಿಡಿದೇ ಏಳುತ್ತಾರೆ. ನಿನ್ನೆ ಚಿಕ್ಕಮ್ಮ ಫೋನ್ ಮಾಡಿ, "ಜ್ಯೇಷ್ಠಮಧುವಿನಿಂದ ಹಾಗೆಲ್ಲ ಆಗಲ್ಲ ಕಣೋ, ಮಾತ್ರೆಯಿಂದಲೇ ಆಗಿರಬೇಕು" ಅಂದರು. ರಿಪೋರ್ಟ್ ಕೈಯಲ್ಲೇ ಇತ್ತು. ಒಂದೊಂದು ಸಾಲೂ ಓದಿ ಹೇಳಿದೆ.