ಸಿಂಧನೂರಿನ ಕ್ಯಾಂಪುಗಳನ್ನೂ ನೋಡಿ

ಗಾಜಾ, ಉಕ್ರೇನ್ ಬಗ್ಗೆ ನಿಮ್ಮ ಲೇಖನದಲ್ಲಿ, ಯುದ್ಧ ನಿಂತ ಮೇಲೆ ಮನೆ ಕಟ್ಟಿಕೊಟ್ಟರೆ ಜನ ತಾವಾಗಿಯೇ ನೆಲೆ ನಿಲ್ಲುತ್ತಾರೆ ಅಂತ ಬರೆದಿದ್ದೀರಿ. ಈ ಮಾತನ್ನು ನಾನು ಒಪ್ಪುವುದಿಲ್ಲ. ನಾನು ರಾಯಚೂರು ಜಿಲ್ಲೆಯ ಸಿಂಧನೂರಿನವನು. ಪೂರ್ವ ಪಾಕಿಸ್ತಾನದಲ್ಲಿ ಎಲ್ಲ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ನಮ್ಮ ತಾಲ್ಲೂಕಿನಲ್ಲೇ ಆರ್‌.ಎಚ್‌. ಕ್ಯಾಂಪುಗಳನ್ನು, ಅಂದರೆ ಪುನರ್ವಸತಿ ಕ್ಯಾಂಪುಗಳನ್ನು, ಮಾಡಿದರು. ಅವರನ್ನು ಇಲ್ಲಿ ಉಳಿಸಿದ್ದು ಬರೀ ಸೂರಲ್ಲ, ಹೊಲ ಮತ್ತು ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಭತ್ತ ಬೆಳೆದರು, ಮೀನು ಸಾಕಿದರು, ದುರ್ಗಾಪೂಜೆಗೆ ನಮ್ಮನ್ನೂ ಕರೆದರು. ಈಗ ಅಲ್ಲಿನ ಹುಡುಗರು ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಅಚ್ಚ ನಮ್ಮ ಕಡೆಯ ಕನ್ನಡ ಮಾತಾಡುತ್ತಾರೆ.

ಆದರೆ ಕಾಗದಪತ್ರದ ಗೋಳು? ಪೌರತ್ವಕ್ಕೆ ಎಷ್ಟೋ ಮನೆಗಳವರು ದಶಕಗಟ್ಟಲೆ ಕಾದರು. 2019ರ ಪೌರತ್ವ ತಿದ್ದುಪಡಿ ಕಾಯ್ದೆಗೆ ನಿಯಮ ಬಂದಿದ್ದೇ 2024ರಲ್ಲಿ. ಈ ಕ್ಯಾಂಪುಗಳಲ್ಲಿ ಬಹಳಷ್ಟು ಮಂದಿ ನಾಮಶೂದ್ರ ಜಾತಿಯವರು. ನಾಮಶೂದ್ರರು ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿ. ಇಲ್ಲಿ ಆ ಸರ್ಟಿಫಿಕೇಟ್‌ಗಾಗಿ ಇನ್ನೂ ಕೇಳುತ್ತಲೇ ಇದ್ದಾರೆ. ನನ್ನ ಜೊತೆ ಓದಿದ ಕ್ಯಾಂಪಿನ ಹುಡುಗ, ಒಳ್ಳೆ ಮಾರ್ಕ್ಸ್ ಇದ್ದವನು, ಸ್ಕಾಲರ್‌ಶಿಪ್ ಸಿಗದೆ ಕಾಲೇಜು ಬಿಟ್ಟು ಗಾರೆ ಕೆಲಸಕ್ಕೆ ಹೋದ. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ. ಗಾಜಾ, ಉಕ್ರೇನ್ ಬಗ್ಗೆ ಬರೆಯುವಾಗ ಸಿಮೆಂಟಿನ ಲೆಕ್ಕದ ಜೊತೆ ಜಮೀನು, ನೀರು, ಗುರುತಿನ ಕಾಗದದ ಮಾತೂ ಇರಬೇಕಿತ್ತು ಅಲ್ವಾ?